ಪದಕ ಹಳೆಯದು, ರಿಬ್ಬನ್ ಯಾವ ಕಾಲದ್ದು?

ಪ್ರಶ್ನೆ: ಎರಡನೇ ಮಹಾಯುದ್ಧ ಕಾಲದ ಜರ್ಮನಿಯ ಐರನ್ ಕ್ರಾಸ್ (ಶಿಲುಬೆಯಾಕಾರದ ಸೇನಾ ಪದಕ), ಎರಡನೇ ದರ್ಜೆಯದು, ಮಾರಾಟಕ್ಕೆ ಬಂದಿದೆ. ಮಾರುವವರು ರಿಬ್ಬನ್ ಮೇಲೆ ಯುವಿ ಟಾರ್ಚ್ ಬಿಟ್ಟು, "ನೋಡಿ, ಹೊಳೀತಾ ಇಲ್ಲ, ಅಸಲಿ" ಎಂದರು. ಅಷ್ಟನ್ನೇ ನಂಬಿ ತೆಗೆದುಕೊಳ್ಳಬಹುದೇ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡಿ. ಹೊಳೆದರೆ ಅನುಮಾನಕ್ಕೆ ಕಾರಣವಿದೆ, ಹೊಳೆಯದಿದ್ದರೆ ಏನೂ ಸಾಬೀತಾಗುವುದಿಲ್ಲ. ಟಾರ್ಚಿಗೆ ನೀಲಿಯಾಗಿ ಹೊಳೆಯುವುದು ಬಿಳಿ ನೂಲು ಇನ್ನೂ ಬೆಳ್ಳಗೆ ಕಾಣಲೆಂದು ಹಾಕುವ ಆಪ್ಟಿಕಲ್ ಬ್ರೈಟನರ್ ಎಂಬ ರಾಸಾಯನಿಕ. ಅದು ಬಟ್ಟೆಗಳಲ್ಲಿ ಎಲ್ಲೆಡೆ ಬಳಕೆಗೆ ಬಂದದ್ದು ಯುದ್ಧ ಮುಗಿದ ಮೇಲೆ. ಆದರೆ ಅದನ್ನು ಹಾಕದೆ ನೇಯ್ದ ಹೊಸ ರಿಬ್ಬನ್ನೂ ಸಿಗುತ್ತದೆ. ಇನ್ನೊಂದು ಕಡೆ, ಅಸಲಿ ರಿಬ್ಬನ್ನನ್ನು ಯಾರಾದರೂ ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಪುಡಿಯಲ್ಲಿರುವ ಬ್ರೈಟನರ್ ನೂಲಿಗೆ ಹತ್ತಿ ಅದೂ ಹೊಳೆಯುತ್ತದೆ. ಪರೀಕ್ಷೆ ಮಾಡುವುದಾದರೆ ಕತ್ತಲೆ ಕೋಣೆಯಲ್ಲಿ, 365 ನ್ಯಾನೋಮೀಟರ್ ತರಂಗಾಂತರದ ಟಾರ್ಚಿನಿಂದ ಮಾಡಿ. 395ರದ್ದು ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೇ ಹೆಚ್ಚು ಚೆಲ್ಲುವುದರಿಂದ ಮೋಸ ಹೋಗುತ್ತೀರಿ. ಪಕ್ಕದಲ್ಲಿ ಒಂದು ಜೆರಾಕ್ಸ್ ಹಾಳೆ ಇಟ್ಟುಕೊಂಡರೆ ಹೊಳಪು ಹೇಗಿರುತ್ತದೆಂದು ಹೋಲಿಸಲು ಅನುಕೂಲ. ನೋಡಬೇಕಾದ್ದು ಬಿಳಿ ಪಟ್ಟೆಯನ್ನು ಮಾತ್ರ. ಹೊಲಿಗೆ ದಾರವನ್ನು ಬೇರೆಯಾಗಿಯೇ ಲೆಕ್ಕಕ್ಕೆ ಹಿಡಿಯಿರಿ; ಹಳೆಯ ರಿಬ್ಬನ್ನಿಗೆ ಹೊಸ ದಾರ ಹಾಕಿ ಹೊಲಿದಿರುವುದುಂಟು.

ಟಾರ್ಚಿಗಿಂತ ಹೆಚ್ಚು ಹೇಳುವುದು ಅಂಚು. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ರಿಬ್ಬನ್ನಿನ ಎರಡೂ ಅಂಚನ್ನು ನಿಧಾನವಾಗಿ ನೋಡಿ. ಆ ಕಾಲದ ಲಾಳಿ ಮಗ್ಗದಲ್ಲಿ ಹೊಕ್ಕಿನ (ಅಡ್ಡ) ಎಳೆ ಅತ್ತಲಿಂದಿತ್ತ ಹೋಗಿ ತಿರುಗಿ ಬರುತ್ತದೆ, ಹಾಗಾಗಿ ಎರಡು ಅಂಚೂ ಒಂದೇ ತರಹ ಇರುತ್ತವೆ. ಈಗಿನ ನೀಡಲ್ ಮಗ್ಗದಲ್ಲಿ ಲಾಳಿಯೇ ಇಲ್ಲ. ಸೂಜಿ ಒಂದು ಕಡೆಯಿಂದ ಹೊಕ್ಕನ್ನು ಕುಣಿಕೆಯಾಗಿ ತಂದು ಇನ್ನೊಂದು ಅಂಚಿನಲ್ಲಿ ಹೆಣೆದು ಬಿಗಿಯುತ್ತದೆ. ಆದ್ದರಿಂದ ಒಂದು ಅಂಚು ನಯವಾಗಿದ್ದು, ಇನ್ನೊಂದರ ಉದ್ದಕ್ಕೂ ಸ್ವೆಟರ್ ಹೆಣೆದಂಥ ಸಣ್ಣ ಸರಪಳಿ ಕಾಣುತ್ತದೆ. ಹೊಕ್ಕಿನ ಎಳೆಗಳೂ ಎರಡೆರಡು ಜೊತೆಯಾಗಿ ಮಲಗಿರುತ್ತವೆ. ಇಂಥ ಸರಪಳಿ ಕಂಡರೆ ಅದು ಯುದ್ಧಕಾಲದ ರಿಬ್ಬನ್ ಅಲ್ಲ, ಮಾತು ಅಲ್ಲಿಗೆ ಮುಗಿಯಿತು. ಕಾಣದಿದ್ದರೆ ಮುಂದಕ್ಕೆ ಹೋಗಬಹುದು ಅಷ್ಟೆ, ಏಕೆಂದರೆ ಲಾಳಿ ಮಗ್ಗಗಳು ಯುದ್ಧದ ನಂತರವೂ ಓಡಿವೆ.

ಅಗಲ ಅಳೆಯಿರಿ. ಈ ಪದಕದ ರಿಬ್ಬನ್ 30 ಮಿಲಿಮೀಟರ್. ಹೆಚ್ಚಿನ ಬ್ರಿಟಿಷ್ ಪದಕಗಳದ್ದು 32. ಆಮೇಲೆ ಮಡಿಕೆ ಬಿಡಿಸಿ ಒಳಗೆ ನೋಡಿ. ನಿಜವಾಗಿ ವಯಸ್ಸಾದ ರಿಬ್ಬನ್ ಬೆಳಕು ಬಿದ್ದ ಹೊರಮೈಯಲ್ಲಿ ಮಾಸಿ, ಮಡಿಕೆಯ ಒಳಗೆ ಬಣ್ಣ ಉಳಿಸಿಕೊಂಡಿರುತ್ತದೆ. ಉಂಗುರ ಕೂತ ಜಾಗದಲ್ಲಿ ಸವೆತವಿರುತ್ತದೆ. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೆಯದು ಮಾಡಿದ್ದರೆ ಒಳಗೂ ಹೊರಗೂ ಕಂದು ಒಂದೇ ಸಮ.

ಕೊನೆಯದು ಸುಡುವ ಪರೀಕ್ಷೆ. ರೇಷ್ಮೆ ಸೀರೆಯ ಎಳೆ ಸುಟ್ಟು ನೋಡುವುದನ್ನು ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ, ಇದೂ ಅದೇ. ಮಾರುವವರ ಒಪ್ಪಿಗೆ ಪಡೆದು, ಕತ್ತರಿಸಿದ ತುದಿಯಿಂದ ಹಾಸಿನ (ಉದ್ದದ) ಒಂದು ಎಳೆ, ಹೊಕ್ಕಿನ ಒಂದು ಎಳೆ ಸೂಜಿಯಲ್ಲಿ ಬಿಡಿಸಿಕೊಳ್ಳಿ. ತಲಾ 1 ಸೆಂಟಿಮೀಟರ್ ಸಾಕು. ಎರಡನ್ನೂ ನೋಡಬೇಕು, ಏಕೆಂದರೆ ಹಾಸು ಒಂದು ನೂಲು, ಹೊಕ್ಕು ಇನ್ನೊಂದು ನೂಲು ಆಗಿರಬಹುದು. ಚಿಮಟದಲ್ಲಿ ಹಿಡಿದು ಜ್ವಾಲೆಯ ಬದಿಗೆ ತನ್ನಿ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದರೆ ಹತ್ತಿ ಅಥವಾ ರೇಯಾನ್. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ ಬಂದರೆ ರೇಷ್ಮೆ. ಈ ಮೂರೂ ಆ ಕಾಲಕ್ಕೆ ಹೊಂದುತ್ತವೆ. ಎಳೆ ಕುಗ್ಗಿ, ಕರಗಿ, ಗಟ್ಟಿ ಮಣಿಯಾದರೆ ಸಿಂಥೆಟಿಕ್, ಹೆಚ್ಚಾಗಿ ಪಾಲಿಯೆಸ್ಟರ್. ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದದ್ದು 1941ರಲ್ಲಿ, ಅದೂ ಬ್ರಿಟನ್ನಿನಲ್ಲಿ. ಮಾರುಕಟ್ಟೆಗೆ ಬಂದದ್ದು ಯುದ್ಧದ ನಂತರ. ಜರ್ಮನ್ ಸೈನಿಕನ ರಿಬ್ಬನ್ನಿಗೆ ಅದು ಸೇರುವ ದಾರಿಯೇ ಇಲ್ಲ.

ಇಷ್ಟಾದ ಮೇಲೂ ಒಂದು ಮಾತು. ಉಂಗುರದಿಂದ ರಿಬ್ಬನ್ ಎಳೆದು ಬೇರೊಂದು ಪೋಣಿಸಲು ಅರ್ಧ ನಿಮಿಷ ಬೇಕಿಲ್ಲ. ರಿಬ್ಬನ್ ಅಸಲಿಯೆಂದು ಶಿಲುಬೆ ಅಸಲಿಯಾಗದು, ರಿಬ್ಬನ್ ಹೊಸದೆಂದು ಶಿಲುಬೆ ನಕಲಿಯೂ ಆಗದು. ಬೆಲೆ ಮಾತಾಡುವಾಗ ಎರಡನ್ನೂ ಬೇರೆ ಬೇರೆ ತೂಗಿ.

ಪ್ರಶ್ನೆ: ನನ್ನಲ್ಲಿರುವ 1939ರ ಐರನ್ ಕ್ರಾಸ್‌ನ ರಿಬ್ಬನ್ನಿಗೆ ನಡುವೆ ಕಪ್ಪು, ಅಂಚಿಗೆ ಕೆಂಪು ಇದೆ. ಚಿತ್ರಗಳಲ್ಲಿ ತಿರುಗಾಮುರುಗಾ ಇರುತ್ತದೆ. ನಕಲಿಯೇ?
– ಓದುಗರು, ಮಂಡ್ಯ

ಉತ್ತರ: ರಿಬ್ಬನ್ ಅಸಲಿಯೇ ಇರಬಹುದು, ಪದಕ ಮಾತ್ರ ಅದರದ್ದಲ್ಲ. ಕೆಂಪು, ಬಿಳಿ, ಕಪ್ಪು, ಬಿಳಿ, ಕೆಂಪು ಎಂಬ ಸಾಲು ಅದೇ ಕಾಲದ ಇನ್ನೊಂದು ಜರ್ಮನ್ ಪದಕವಾದ ವಾರ್ ಮೆರಿಟ್ ಕ್ರಾಸ್‌ನದು. 1939ರ ಐರನ್ ಕ್ರಾಸ್‌ಗೆ ನಡುವೆ ಅಗಲವಾದ ಕೆಂಪು, ಅದರ ಎರಡು ಬದಿಗೆ ಬಿಳಿ, ಹೊರ ಅಂಚಿಗೆ ಕಪ್ಪು. 1914ರ ಶಿಲುಬೆಗೆ ಕೆಂಪೇ ಇಲ್ಲ: ರಣರಂಗದವರಿಗೆ ಕಪ್ಪಿನ ಮೇಲೆ ಎರಡು ಬಿಳಿ ಪಟ್ಟೆ. ಆದರೆ 1914ರ ರಿಬ್ಬನ್ ಮೇಲೆ 1939 ಎಂದಿರುವ ಹದ್ದಿನ ಪಟ್ಟಿ ಕಂಡರೆ ಗಾಬರಿ ಬೇಡ. ಮೊದಲ ಯುದ್ಧದಲ್ಲಿ ಪದಕ ಪಡೆದವರಿಗೆ ಮತ್ತೆ ಕೊಟ್ಟ ಕ್ರಮವೇ ಅದು.

1957ರಲ್ಲಿ ಪಶ್ಚಿಮ ಜರ್ಮನಿ ಸ್ವಸ್ತಿಕವಿಲ್ಲದ ರೂಪದಲ್ಲಿ ಈ ಪದಕಗಳನ್ನು ಧರಿಸಲು ಅನುಮತಿ ಕೊಟ್ಟಿತು. ಅವುಗಳಿಗೆಂದು ಅದೇ ಬಣ್ಣದ ರಿಬ್ಬನ್ ಮತ್ತೆ ನೇಯ್ದರು. ಮೋಸಕ್ಕೆಂದು ಮಾಡಿದ ಮಾಲಲ್ಲ ಅದು, ಆದರೆ ಯುದ್ಧಕಾಲದ್ದೆಂದು ಮಾರಿದರೆ ಮೋಸವೇ.

ಪ್ರಶ್ನೆ: ನಮ್ಮ ಮುತ್ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಮನೆಯಲ್ಲಿದೆ, ರಿಬ್ಬನ್ ಪೂರ್ತಿ ಜೂಲುಜೂಲಾಗಿದೆ. ಒಗೆದು ಇಸ್ತ್ರಿ ಮಾಡಬಹುದೇ, ಹೊಸದು ಹಾಕಬೇಕೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ದಯವಿಟ್ಟು ಒಗೆಯಬೇಡಿ. ನೂರು ವರ್ಷದ ನೂಲು ನೆನೆದರೆ ಹರಿಯುತ್ತದೆ, ಬಣ್ಣ ಬಿಳಿಗೆ ಹರಡುತ್ತದೆ. ಪ್ರದರ್ಶನಕ್ಕೆ ಬೇಕಿದ್ದರೆ 32 ಮಿಲಿಮೀಟರಿನ ಹೊಸ ರಿಬ್ಬನ್ ಹಾಕಿ: ನಡುವೆ ಕಿತ್ತಳೆ, ಎರಡು ಬದಿಗೂ ಬಿಳಿ, ಕಪ್ಪು, ಕೊನೆಗೆ ನೀಲಿ. ಹಳೆಯದನ್ನು ಮಡಿಸದೆ, ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿಡಿ. ಪ್ಲಾಸ್ಟಿಕ್ ಕವರ್ ಬೇಡ. ಪದಕದ ಅಂಚಿನ ದಪ್ಪದ ಮೇಲೆ ಸೈನಿಕನ ಹೆಸರು ಮತ್ತು ಪಡೆ ಒತ್ತಿರುತ್ತದೆ, ಬ್ರಾಸೋ ಹಾಕಿ ತಿಕ್ಕಿದರೆ ಅದು ಸವೆಯುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ (ಈಗಿನ ಇಸ್ರೇಲ್‌ನ ಊರು) ಹೋರಾಡಿದ ಪಡೆ ಮೈಸೂರು ಲ್ಯಾನ್ಸರ್ಸ್. ಪದಕದ ಅಂಚಿನ ಆ ಅಕ್ಷರಗಳನ್ನು ಓರೆ ಬೆಳಕಿನಲ್ಲಿ ಹಿಡಿದು ಫೋಟೋ ತೆಗೆದು, ಹಳೆಯ ರಿಬ್ಬನ್ ಜೊತೆಗೇ ಇಡಿ.