ಏಟು ಹಿಂದಲೆಗೆ, ಗಾಯ ಹಣೆಯ ಹಿಂದೆ

ಪ್ರಶ್ನೆ: ಬದುವಿನ ಜಗಳದಲ್ಲಿ ದೊಣ್ಣೆಯಿಂದ ಹೊಡೆದಾಗ ನನ್ನ ತಮ್ಮ (34) ಅಂಗಾತ ಬಿದ್ದು ಹಿಂದಲೆ ಕಲ್ಲಿಗೆ ಬಡಿಯಿತು. ಆರು ವಾರವಾಯಿತು. ಸಿ.ಟಿ. ಸ್ಕ್ಯಾನ್ ಮಾಡಿ, ಮಿದುಳಿನ ಮುಂಭಾಗದಲ್ಲಿ ಸಣ್ಣ ರಕ್ತಗಾಯವಿದೆ, ಆಪರೇಷನ್ ಬೇಡ ಎಂದು ಐದನೇ ದಿನ ಮನೆಗೆ ಕಳಿಸಿದರು. ಈಗ ಮಾತುಮಾತಿಗೂ ರೇಗುತ್ತಾನೆ, ಸಾರು ಸಪ್ಪೆ ಎನ್ನುತ್ತಾನೆ, ಹಿಡಿದ ಕೆಲಸ ಅರ್ಧಕ್ಕೇ ಬಿಡುತ್ತಾನೆ. ಸೊಕ್ಕೋ, ಗಾಯದ ಪರಿಣಾಮವೋ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಸೊಕ್ಕಲ್ಲ, ಬಹುಮಟ್ಟಿಗೆ ಗಾಯದ್ದೇ. ಅಂಗಾತ ಬಿದ್ದಾಗ ಬುರುಡೆ ಗಕ್ಕನೆ ನಿಲ್ಲುತ್ತದೆ, ಒಳಗಿನ ಮಿದುಳು ನಿಲ್ಲದೆ ಅಲುಗಾಡಿ ಹಣೆಯ ಹಿಂದಿನ ಒರಟು ಮೂಳೆಗೆ ಉಜ್ಜುತ್ತದೆ. ಸಿಟ್ಟಿಗೆ ಕಡಿವಾಣ ಹಾಕುವುದು, ಹಿಡಿದ ಕೆಲಸ ಮುಗಿಸುವುದು ಆ ಭಾಗದ ಹೊಣೆ. ಅದರಡಿಯಲ್ಲೇ ಜರಡಿಯಂಥ ಮೂಳೆಯಿಂದ ಇಳಿಯುವ ವಾಸನೆಯ ನರದೆಳೆಗಳೂ ಹರಿದು ತುಂಡಾಗಬಹುದು. ಸಾರು ಸಪ್ಪೆಯಾದದ್ದು ಹೀಗೆ. ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆಗೆ ಕಾಫಿಪುಡಿ ಹಿಡಿದು ನೋಡಿ. ವಾಸನೆ ತಿಳಿಯದಿದ್ದರೆ ಗ್ಯಾಸ್ ಸೋರಿದರೂ ಅವರಿಗೆ ಗೊತ್ತಾಗದು; ಒಲೆಯ ಬಳಿ ಒಬ್ಬರನ್ನೇ ಬಿಡಬೇಡಿ. ವಾಸನೆ ಮರಳಲು ತಿಂಗಳುಗಳೇ ಬೇಕು, ಕೆಲವರಿಗೆ ಮರಳುವುದೇ ಇಲ್ಲ.

ಫಿಟ್ಸ್ ಬಾರದಿರಲೆಂದು ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದರೆ ಅದರ ಚೀಟಿ ನೋಡಿ. ಲೆವೆಟಿರಾಸೆಟಾಮ್ ಇದ್ದರೆ ರೇಗಾಟದಲ್ಲಿ ಅದರದ್ದೂ ಪಾಲಿರಬಹುದು. ಫಿಟ್ಸ್ ಬಾರದವರಿಗೆ ಇದನ್ನು ಸಾಮಾನ್ಯವಾಗಿ ಮೊದಲ 7 ದಿನಕ್ಕಷ್ಟೇ ಕೊಡುತ್ತಾರೆ. ಮುಂದುವರಿದಿದ್ದರೆ ಏಕೆಂದು ವೈದ್ಯರನ್ನು ಕೇಳಿ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ತಲೆನೋವು ದಿನೇದಿನೇ ಹೆಚ್ಚಿದರೆ, ಮಂಪರು ಬಂದರೆ, ಒಂದು ಕಾಲು ಎಳೆದರೆ ಅಂದೇ ಮತ್ತೆ ಸಿ.ಟಿ. ಮಾಡಿಸಿ. ಮಿದುಳಿನ ಪೊರೆಯಡಿ ರಕ್ತ ಮೆಲ್ಲಗೆ ಕೂಡಿ, ಮೂರು ವಾರ ಕಳೆದ ಮೇಲೂ ಒತ್ತಬಹುದು. ಹಳೆಯ ಸ್ಕ್ಯಾನ್ ನೋಡಿ ಆಪರೇಷನ್ ಬೇಡ ಎಂದಿದ್ದರಲ್ಲ ಎಂದು ಕೂರುವುದೇ ಇಲ್ಲಿ ಆಗುವ ತಪ್ಪು.

ಮನೆಯಲ್ಲಿ ಒಮ್ಮೆಗೆ ಒಂದೇ ಕೆಲಸ ಹೇಳಿ: 20 ನಿಮಿಷ ಕೆಲಸ, 10 ನಿಮಿಷ ವಿಶ್ರಾಂತಿ. ಆಗ ಟಿ.ವಿ. ಬೇಡ. ದಿನದ ಕೆಲಸಗಳನ್ನು ಗೋಡೆಗೆ ಬರೆದಂಟಿಸಿ, ಮುಗಿದದ್ದನ್ನು ಅವರೇ ಹೊಡೆದುಹಾಕಲಿ. ರೇಗಿದಾಗ ವಾದಕ್ಕಿಳಿಯದೆ ಸ್ವಲ್ಪ ಹೊತ್ತು ಎದ್ದುಹೋಗಿ. ಕುಡಿತ ಪೂರ್ತಿ ಬಂದ್; ವೈದ್ಯರು ಒಪ್ಪುವವರೆಗೆ ಬೈಕು, ಟ್ರ್ಯಾಕ್ಟರ್, ಮರ ಹತ್ತುವುದೂ ಬೇಡ. ನೆನಪು, ಗಮನ ತೀರಾ ಕುಂದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ತರಬೇತಿ ಕೊಡುತ್ತಾರೆ.

ಇದು ಹಲ್ಲೆ ಪ್ರಕರಣವಾದ್ದರಿಂದ ಇನ್ನೊಂದು ಮಾತು. 15 ದಿನ ತೀವ್ರ ನೋವಿದ್ದರೆ ಅಥವಾ ಎಂದಿನ ಕೆಲಸಕ್ಕೆ ಹೋಗಲಾಗದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಂತೆ ಅದು ತೀವ್ರ ಗಾಯ. ಹಳೆಯ ಐ.ಪಿ.ಸಿ.ಯಲ್ಲಿ ಇದು 20 ದಿನವಿತ್ತು. ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ಫಿಲ್ಮು, ಮರುಭೇಟಿಯ ಚೀಟಿ ಯಾವುದನ್ನೂ ಕಳೆಯಬೇಡಿ. ವಾಸನೆ ಹೋದದ್ದನ್ನೂ ಸಿಟ್ಟಿನ ಬದಲಾವಣೆಯನ್ನೂ ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡು, ಪ್ರತಿಯನ್ನು ತನಿಖಾಧಿಕಾರಿಗೆ ಕೊಡಿ.