ಸಂಪಾದಕರ ಉತ್ತರ: ಆ್ಯಂಟಿಆಕ್ಸಿಡೆಂಟ್ ಮಾತ್ರೆ ಯಾರಿಗೆ, ಯಾವ ಕಾಯಿಲೆಗೆ?

ಮಾನ್ಯರೇ,

ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿದೆ. ಸೀಬೆ, ನೆಲ್ಲಿ, ನುಗ್ಗೆಸೊಪ್ಪುಗಳಲ್ಲಿರುವ, ಜೀವಕೋಶಗಳಿಗೆ ಹಾನಿ ಮಾಡಬಲ್ಲ ಚುರುಕು ಅಣುಗಳನ್ನು ತಣಿಸುವ ಆ್ಯಂಟಿಆಕ್ಸಿಡೆಂಟುಗಳನ್ನು ಹೊಗಳಿದ ಕಳೆದ ಸಂಚಿಕೆಯ ಲೇಖನವೇ, ಅವುಗಳ ಮಾತ್ರೆಯನ್ನು ಸುಮ್ಮನೆ ನುಂಗಬೇಡಿ ಎಂದು ಮುಗಿದದ್ದು ನಿಮಗೆ ಇಬ್ಬಂದಿ ಮಾತಾಗಿ ಕಂಡಿದೆ. ಮಧುಮೇಹಕ್ಕೂ ರಕ್ತದೊತ್ತಡಕ್ಕೂ ಔಷಧ ತೆಗೆದುಕೊಳ್ಳುತ್ತಿರುವ ನಿಮಗೆ ಅಮೆರಿಕದಲ್ಲಿರುವ ಮಗಳು ಕಣ್ಣು ಮತ್ತು ಹೃದಯಕ್ಕೆ ಒಳ್ಳೆಯದೆಂದು ಬಾಟಲಿಗಳನ್ನು ಕಳುಹಿಸಿದ್ದಾರೆ. ಅದರ ಬೆನ್ನಿಗಿರುವ ಪಟ್ಟಿಯನ್ನು ನೀವು ಅಚ್ಚುಕಟ್ಟಾಗಿ ನಕಲು ಮಾಡಿದ್ದೀರಿ: ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ), ಬೀಟಾ ಕ್ಯಾರೊಟಿನ್ (ಕ್ಯಾರೆಟ್ಟಿಗೆ ಬಣ್ಣ ಕೊಡುವ ವಸ್ತು) 15 ಮಿಲಿಗ್ರಾಂ, ಸತು 80 ಮಿಲಿಗ್ರಾಂ, ತಾಮ್ರ 2 ಮಿಲಿಗ್ರಾಂ. ಕೆಲವು ವರ್ಷಗಳ ಹಿಂದೆ ಸಿಗರೇಟು ಬಿಟ್ಟ ವಿಷಯವನ್ನು ಪತ್ರದ ಕೊನೆಗೆ, ಲೆಕ್ಕಕ್ಕಿಲ್ಲವೆಂಬಂತೆ ಸೇರಿಸಿದ್ದೀರಿ. ನಮ್ಮ ಉತ್ತರ ಶುರುವಾಗಬೇಕಾದದ್ದು ಅಲ್ಲಿಂದಲೇ.

ತರಕಾರಿ, ಹಣ್ಣುಗಳನ್ನು ಹೆಚ್ಚು ತಿನ್ನುವವರಿಗೆ, ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಹೆಚ್ಚಿರುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದು 1980ರ ದಶಕದ ಹೊತ್ತಿಗೆ ಹಲವು ಕಡೆ ಕಂಡುಬಂದಿತ್ತು. ಹಾಗಾದರೆ ಆ ಒಂದು ವಸ್ತುವನ್ನೇ ಮಾತ್ರೆ ಮಾಡಿ ಕೊಟ್ಟರೆ ಹೇಗೆ ಎಂದು ಫಿನ್‌ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಹೊರಬಂದಾಗ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವುದಿರಲಿ, ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು, ಅದನ್ನು ಬಿಟ್ಟವರು ಮತ್ತು ಕಲ್ನಾರಿನ ಕೆಲಸಗಾರರ ಮೇಲೆ ನಡೆಯುತ್ತಿದ್ದ ಇಂಥದ್ದೇ ಇನ್ನೊಂದು ಪ್ರಯೋಗವನ್ನು, ಹಾನಿಯೇ ಕಾಣುತ್ತಿದೆಯೆಂದು, 1996ರ ಜನವರಿಯಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಹಣ್ಣು, ತರಕಾರಿ ತಿನ್ನುವವನ ಆರೋಗ್ಯಕ್ಕೆ ಅವನ ತಟ್ಟೆಯಲ್ಲಿರುವ ನೂರಾರು ವಸ್ತುಗಳು, ಅವನು ತಿನ್ನದೆ ಬಿಟ್ಟ ಕರಿದ ತಿಂಡಿ, ಅವನ ನಡಿಗೆ, ಅವನ ಸಂಬಳ ಎಲ್ಲವೂ ಕಾರಣವಾಗಿರಬಹುದು. ಅದರಲ್ಲಿ ಒಂದನ್ನು ಹೆಕ್ಕಿ ಹಲವು ಪಟ್ಟು ಪ್ರಮಾಣದಲ್ಲಿ ಕೊಟ್ಟರೆ ಅದೇ ಗುಣ ಬರಲೇಬೇಕೆಂಬ ನಿಯಮವಿಲ್ಲ. ನಮ್ಮ ಲೇಖನದ ಎರಡು ಮಾತುಗಳೂ ಒಟ್ಟಿಗೆ ನಿಲ್ಲುವುದು ಹೀಗೆ.

ನಿಮ್ಮ ಬಾಟಲಿಯ ಪಟ್ಟಿ ಯಾರೋ ಮನಸ್ಸಿಗೆ ಬಂದಂತೆ ಬೆರೆಸಿದ್ದಲ್ಲ. ವಯಸ್ಸಾದವರಲ್ಲಿ ಅಕ್ಷಿಪಟಲದ ನಡುಭಾಗ ಸವೆದು ನೋಟ ಮಸುಕಾಗುವ ಮ್ಯಾಕ್ಯುಲರ್ ಡಿಜೆನರೇಶನ್ ಎಂಬ ಕಾಯಿಲೆಗಾಗಿ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ನಡೆಸಿದ, 2001ರಲ್ಲಿ ಪ್ರಕಟವಾದ ಅಧ್ಯಯನದ ಸೂತ್ರ ಅದು. ಮಧ್ಯಮ ಹಂತದ ರೋಗಿಗಳಲ್ಲಿ, ಹಾಗೂ ಒಂದು ಕಣ್ಣಿನಲ್ಲಿ ಮಾತ್ರ ಕಾಯಿಲೆ ಬಲಿತವರಲ್ಲಿ, ಅದು ಮುಂದುವರಿಯುವ ಸಾಧ್ಯತೆಯನ್ನು ಈ ಮಿಶ್ರಣ ಸುಮಾರು ಶೇ. 25ರಷ್ಟು ತಗ್ಗಿಸಿತು. ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳ ಇತಿಹಾಸದಲ್ಲಿ ಇಷ್ಟು ಗಟ್ಟಿಯಾದ ಗೆಲುವುಗಳು ವಿರಳ. ಆದರೆ ಅದೇ ಅಧ್ಯಯನದಲ್ಲಿ ಕಣ್ಣಿನ ಪೊರೆಗೆ ಅದರಿಂದ ಉಪಯೋಗವಾಗಲಿಲ್ಲ. ಮಧುಮೇಹದಿಂದ ಅಕ್ಷಿಪಟಲಕ್ಕೆ ಆಗುವ ಹಾನಿಯಂತೂ ಬೇರೆಯೇ ಕಾಯಿಲೆ. 2013ರ ಮುಂದುವರಿದ ಅಧ್ಯಯನದಲ್ಲಿ ಬೀಟಾ ಕ್ಯಾರೊಟಿನ್ ಪಡೆದ ಗುಂಪಿನಲ್ಲಿ ಶೇ. 2ರಷ್ಟು ಮಂದಿಗೆ, ಅದಿಲ್ಲದ ಗುಂಪಿನಲ್ಲಿ ಶೇ. 0.9ರಷ್ಟು ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು, ಮತ್ತು ಹಾಗೆ ಬಂದವರಲ್ಲಿ ಬಹುಪಾಲು ನಿಮ್ಮಂತೆ ಹಿಂದೆ ಸೇದಿ ಬಿಟ್ಟವರು. ಆ ಬಳಿಕ ಸೂತ್ರದಿಂದ ಬೀಟಾ ಕ್ಯಾರೊಟಿನ್ ತೆಗೆದು ಅದೇ ಬಗೆಯ ಬಣ್ಣದ ವಸ್ತುಗಳಾದ ಲ್ಯೂಟಿನ್ 10 ಮಿಲಿಗ್ರಾಂ, ಜಿಯಾಕ್ಸಾಂಥಿನ್ 2 ಮಿಲಿಗ್ರಾಂ ಸೇರಿಸಲಾಯಿತು. ನಿಮ್ಮ ಕೈಗೆ ಬಂದಿರುವುದು ಹಳೆಯ ಸೂತ್ರ. ವೈದ್ಯರು ಬರೆದುಕೊಟ್ಟದ್ದಲ್ಲ ಎಂದು ನೀವೇ ಹೇಳಿರುವುದರಿಂದ ಇದನ್ನು ಇಂದೇ ನಿಲ್ಲಿಸಿ. ಪಾಪೆಗೆ ಹನಿ ಹಾಕಿ ಅಕ್ಷಿಪಟಲವನ್ನು ಪರೀಕ್ಷಿಸಿದ ನೇತ್ರತಜ್ಞರು ಮ್ಯಾಕ್ಯುಲದ ತೊಂದರೆಯಿದೆ ಎಂದರೆ ಮಾತ್ರ ಹೊಸ ಸೂತ್ರದ ಮಾತು.

ಹೃದಯದ ವಿಷಯ ಇನ್ನೂ ಸ್ಪಷ್ಟ. ಆಕ್ಸ್‌ಫರ್ಡ್ ಸಂಶೋಧಕರು ಬ್ರಿಟನ್ನಿನ 20,536 ಮಂದಿಯ ಮೇಲೆ ಐದು ವರ್ಷ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಮಾರು 6,000 ಮಧುಮೇಹಿಗಳೂ ಇದ್ದರು. ವಿಟಮಿನ್ ಇ, ಸಿ ಮತ್ತು ಬೀಟಾ ಕ್ಯಾರೊಟಿನ್ ಮಿಶ್ರಣದಿಂದ ಹೃದಯಾಘಾತವೂ ಪಾರ್ಶ್ವವಾಯುವೂ ಕಡಿಮೆಯಾಗಲಿಲ್ಲ. ಅದೇ ಜನರಲ್ಲಿ ಪರೀಕ್ಷಿಸಿದ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ವರ್ಗದ ಔಷಧ ಸಿಮ್ವಾಸ್ಟಾಟಿನ್ (40 ಮಿಲಿಗ್ರಾಂ) ಅವನ್ನು ಸುಮಾರು ಕಾಲುಭಾಗ ಇಳಿಸಿತು. ಸ್ಟಾಟಿನ್ ಮಾತ್ರೆಯೆಂದರೆ ಮೂಗು ಮುರಿದು ವಿಟಮಿನ್ ಬಾಟಲಿಗೆ ದುಡ್ಡು ಸುರಿಯುವ ಬಂಧುಗಳು ನಮಗೆಲ್ಲ ಇದ್ದಾರೆ. ಅವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ. ಗಂಡಸರು ಇನ್ನೊಂದನ್ನೂ ತಿಳಿದಿರಬೇಕು: 35,533 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 400 ಐಯು ವಿಟಮಿನ್ ಇ ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚು ಕಂಡಿತೆಂದು 2011ರಲ್ಲಿ ವರದಿಯಾಯಿತು.

ಸಕ್ಕರೆ ಅಂಶವನ್ನು ಹತೋಟಿಯಲ್ಲಿಡಲು ಇಂಥ ಮಾತ್ರೆಗಳನ್ನು ನೆಚ್ಚಿಕೊಳ್ಳುವಂತಿಲ್ಲ. ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಐಯು ವಿಟಮಿನ್ ಇ ಸೇವಿಸುತ್ತ ವ್ಯಾಯಾಮ ಮಾಡಿದ ಯುವಕರಲ್ಲಿ, ವ್ಯಾಯಾಮದಿಂದ ಇನ್ಸುಲಿನ್ ಕೆಲಸಕ್ಕೆ ಸಿಗಬೇಕಾದ ಸುಧಾರಣೆಯೇ ಸಿಗಲಿಲ್ಲವೆಂದು 2009ರ ಜರ್ಮನ್ ಅಧ್ಯಯನ ತೋರಿಸಿತು. ಅದು ಸಣ್ಣ ಅಧ್ಯಯನ, ನಿಜ. ಆದರೆ ಆ್ಯಂಟಿಆಕ್ಸಿಡೆಂಟುಗಳು ತಣಿಸುವ, ಸ್ನಾಯುಗಳಲ್ಲಿ ಹುಟ್ಟುವ ಚುರುಕು ಅಣುಗಳಾದ ಫ್ರೀ ರ‍್ಯಾಡಿಕಲ್‌ಗಳು ಬರಿಯ ಕಸವಲ್ಲ, ದೇಹಕ್ಕೆ ಸೂಚನೆಯೂ ಹೌದು ಎಂಬುದನ್ನು ಅದು ಮುಂದಿಟ್ಟಿತು.

ಪಾದ ಜುಮುಗುಡುತ್ತದೆ, ಅದಕ್ಕೆ ಔಷಧದ ಅಂಗಡಿಯವರು ಆಲ್ಫಾ ಲಿಪೊಯಿಕ್ ಆಮ್ಲವಿರುವ ಕ್ಯಾಪ್ಸೂಲ್ ಕೊಟ್ಟರು ಎಂದಿದ್ದೀರಿ. ಮಧುಮೇಹದ ನರದೌರ್ಬಲ್ಯದ ಉರಿ, ನೋವಿಗೆ ದಿನಕ್ಕೆ 600 ಮಿಲಿಗ್ರಾಂ ಪ್ರಮಾಣದಲ್ಲಿ ಅದರಿಂದ ಸ್ವಲ್ಪ ಉಪಶಮನ ಸಿಕ್ಕ ಪ್ರಯೋಗಗಳಿವೆ. ನಿಮ್ಮ ಸ್ಟ್ರಿಪ್ಪಿನಲ್ಲಿರುವುದು 100 ಮಿಲಿಗ್ರಾಂ. ಅದಕ್ಕಿಂತ ಮೊದಲು ನೋಡಬೇಕಾದ ಇನ್ನೊಂದು ಕಾರಣವಿದೆ: ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ ಅನ್ನು ಬಹುಕಾಲ ಸೇವಿಸುವವರಲ್ಲಿ ವಿಟಮಿನ್ ಬಿ12 ಕುಸಿದು ಇದೇ ಬಗೆಯ ಜುಮು ಬರುವುದುಂಟು. ಆ ಕ್ಯಾಪ್ಸೂಲಿನಲ್ಲಿರುವ, ಬಿ12ರ ಒಂದು ರೂಪವಾದ ಮಿಥೈಲ್‌ಕೊಬಾಲಮಿನ್ ರಕ್ತಪರೀಕ್ಷೆಯ ಅಂಕಿಯನ್ನು ಏರಿಸಿ ಕೊರತೆಯನ್ನು ಮರೆಮಾಚಬಹುದಾದ್ದರಿಂದ, ಪರೀಕ್ಷೆಗೆ ಹೋದಾಗ ಅದನ್ನು ತೆಗೆದುಕೊಳ್ಳುತ್ತಿರುವುದಾಗಿ ವೈದ್ಯರಿಗೆ ತಿಳಿಸಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೆ ಹೆಚ್ಚಿನ ವಿಟಮಿನ್ ಇ ರಕ್ತಸ್ರಾವದ ಅಪಾಯ ತರುತ್ತದೆ. ಕೂದಲಿಗೆಂದು ಕೊಡುವ ಮಾತ್ರೆಗಳಲ್ಲಿನ ಬಯೊಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಿಸಬಲ್ಲದು.

ನಮ್ಮ ದೇಶದಲ್ಲಿ ಆಹಾರ ಪೂರಕವಾಗಿ ಮಾರುವ ಇಂಥ ಡಬ್ಬಿಗಳ ಮೇಲೆ ಔಷಧವಾಗಿ ಬಳಸಲು ಅಲ್ಲ ಎಂದು ಮುದ್ರಿಸಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅಕ್ಷರ ಸಣ್ಣದಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ವಿಟಮಿನ್ ಸಿ ಸಾಲದಾಗುತ್ತದೆಂಬ ಚಿಂತೆ ಬೇಡ: ಗಂಡಸಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ, ಮಧ್ಯಮ ಗಾತ್ರದ ಒಂದು ಸೀಬೆಹಣ್ಣಿನಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ.

ತೆರೆಯದೆ ಉಳಿದಿರುವ ಎರಡು ಬಾಟಲಿಗಳನ್ನು ಪಕ್ಕದ ಮನೆಯ ಹಿರಿಯರಿಗೆ ಕೊಡಬಹುದೇ ಎಂದು ಕೇಳಿದ್ದೀರಿ. ಅವರು ಈಗಲೂ ಬೀಡಿ ಸೇದುತ್ತಾರೆಂದು ನೀವೇ ಬರೆದಿದ್ದೀರಿ, ಖಂಡಿತ ಕೊಡಬೇಡಿ.

– ಸಂಪಾದಕ