ಯಾರೂ ಬರೆದಿಡದ ಮೂಲ ದ್ರಾವಿಡ ಭಾಷೆಯ ಪದಗಳನ್ನು ನಂಬಬಹುದೇ?

ಹೆಚ್ಚಿನ ಮಟ್ಟಿಗೆ ನಂಬಬಹುದು, ಆದರೆ ಪೂರ್ತಿ ಅಲ್ಲ. ಮೂಲ ದ್ರಾವಿಡ ಎಂದರೆ ಕನ್ನಡ, ತಮಿಳು, ತೆಲುಗು ಮುಂತಾದವು ಹುಟ್ಟಿಬಂದ ಹಳೆಯ ಭಾಷೆ. ಅದರ ಪದಗಳನ್ನು ಈ ಭಾಷೆಗಳನ್ನು ಹೋಲಿಸಿ ಊಹಿಸುತ್ತಾರೆ. ನಂಬಿಕೆಗೆ ಆಧಾರ ಪದಗಳ ಮೇಲ್ನೋಟದ ಹೋಲಿಕೆಯಲ್ಲ, ಧ್ವನಿ ಬದಲಾವಣೆಯ ಕ್ರಮಬದ್ಧತೆ. ನಮ್ಮ ಹಾಲು, ಹುಲಿ ತಮಿಳಿನಲ್ಲಿ ಪಾಲ್, ಪುಲಿ. ತೆಲುಗಿನಲ್ಲಿ ಪಾಲು, ಪುಲಿ. ಇಂಥ ಜೋಡಿಗಳು ರಾಶಿಗಟ್ಟಲೆ ಇವೆ. ಆದ್ದರಿಂದ ಮೊದಲು ಇದ್ದದ್ದು ಪಕಾರ, ಕನ್ನಡದಲ್ಲಿ ಅದು ಹಕಾರವಾಯಿತು ಎಂದು ಊಹಿಸುತ್ತಾರೆ.

ಈ ಊಹೆಯನ್ನು ಪರೀಕ್ಷಿಸಲು ಹಾಸನ ಜಿಲ್ಲೆಯಲ್ಲೇ ಕಲ್ಲಿನ ಸಾಕ್ಷಿ ಸಿಕ್ಕಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದ್ದು. ಅದರಲ್ಲಿ ಆ ಊರಿನ ಹೆಸರು ‘ಪಲ್ಮಡಿ’ ಎಂದೇ ಕೆತ್ತಿದೆ! ಹಳಗನ್ನಡ ಕಾವ್ಯಗಳಲ್ಲೂ ‘ಪಾಲ್’, ‘ಪುಲಿ’ ಎಂದೇ ಇವೆ. ತಮಿಳು, ತೆಲುಗುಗಳನ್ನು ಹೋಲಿಸಿ ತಲುಪಿದ ತೀರ್ಮಾನ ಕನ್ನಡದ ಶಾಸನದಲ್ಲಿ ನಿಜವಾಗುವುದು ಸಣ್ಣ ಮಾತಲ್ಲ.

ಸಿಂಹಾಸನಪುರವೇ ಹಾಸನವಾಯಿತು ಎಂಬಂಥ ಸ್ಥಳಪುರಾಣಕ್ಕೆ ಈ ಬಲವಿಲ್ಲ. ಅದು ಒಂದೇ ಹೆಸರಿಗೆ ಹೊಂದುವ ಕಥೆ, ಬೇರೆ ಪದಗಳ ಮೇಲೆ ಪರೀಕ್ಷಿಸಬಲ್ಲ ನಿಯಮ ಅದರಲ್ಲಿಲ್ಲ. ಅಲ್ಲಿ ಸಂಶಯ ಪಡಲೇಬೇಕು.

ಮೂಲ ದ್ರಾವಿಡದ ವಿಷಯದಲ್ಲೂ ಅದನ್ನು ಎಲ್ಲಿ, ಯಾವಾಗ ಆಡುತ್ತಿದ್ದರು ಎಂಬ ಖಚಿತ ಹೇಳಿಕೆಗಳನ್ನು ನಾನು ಒಪ್ಪುವುದಿಲ್ಲ. ಧ್ವನಿಗಳ ಹೋಲಿಕೆಯೊಂದರಿಂದಲೇ ಅವು ತೀರ್ಮಾನವಾಗುವುದಿಲ್ಲ.